ಅಮೆರಿಕದ ಸೆನೆಟ್‌ನಲ್ಲಿ 60 ಮತ 51 ಆದದ್ದು ಹೇಗೆ? ಅಧ್ಯಕ್ಷರ ನೇಮಕಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಅಧ್ಯಕ್ಷರು ಒಂದು ಹುದ್ದೆಗೆ ಯಾರದೋ ಹೆಸರು ಹೇಳಿದರೆ ಸಾಕು, ಮರುದಿನವೇ ನಮ್ಮಲ್ಲಿ ‘ನೇಮಕ’ ಎಂಬ ಶೀರ್ಷಿಕೆ ಬಂದುಬಿಡುತ್ತದೆ. ನಿಜಕ್ಕೂ ಅದು ಸೆನೆಟ್ ಮುಂದಿಟ್ಟ ಒಂದು ಹೆಸರು, ಅಷ್ಟೇ. ಆ ಹೆಸರಿಗೆ ಸೆನೆಟ್ ಒಪ್ಪಿಗೆ ಕೊಡುವ ವಿಧಾನ 2013, 2017, 2019 ಮತ್ತು 2025ರಲ್ಲಿ, ಹೀಗೆ ನಾಲ್ಕು ಸಲ ದೊಡ್ಡದಾಗಿ ಬದಲಾಯಿತು. ನಾಲ್ಕು ಸಲವೂ ನಿಯಮ ಪುಸ್ತಕದ ಒಂದು ಅಕ್ಷರವನ್ನೂ ಯಾರೂ ತಿದ್ದಲಿಲ್ಲ. ಅದು ಹೇಗೆ ಸಾಧ್ಯವಾಯಿತು, ಅದರಿಂದ ಏನಾಯಿತು ಎಂಬುದು ಇಲ್ಲಿನ ಪ್ರಶ್ನೆಗಳ ತಿರುಳು.

ಅಧ್ಯಕ್ಷರನ್ನು ಜನರೇ ಆರಿಸಿರುವಾಗ, ಅವರ ತಂಡಕ್ಕೆ ಸೆನೆಟ್‌ನ ಒಪ್ಪಿಗೆ ಏಕೆ ಬೇಕು?

ಸಂವಿಧಾನ ಹಾಗೆ ಹೇಳುತ್ತದೆ. ಎರಡನೇ ವಿಧಿಯ ಎರಡನೇ ಸೆಕ್ಷನ್ ಪ್ರಕಾರ ರಾಯಭಾರಿಗಳು, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು ಮತ್ತು ಇತರ ಉನ್ನತ ಅಧಿಕಾರಿಗಳನ್ನು ಅಧ್ಯಕ್ಷರು ಸೆನೆಟ್‌ನ ಸಲಹೆ ಮತ್ತು ಸಮ್ಮತಿಯೊಂದಿಗೆ ನೇಮಿಸಬೇಕು. ಹೊಸ ಅಧ್ಯಕ್ಷರು ತುಂಬಬೇಕಾದ ರಾಜಕೀಯ ಹುದ್ದೆಗಳು ಸುಮಾರು 4,000. ಅದರಲ್ಲಿ ಸುಮಾರು 1,300ಕ್ಕೆ ಈ ಸಮ್ಮತಿ ಬೇಕು. ಸಚಿವರು ಮಾತ್ರವಲ್ಲ, ಉಪ ಸಚಿವರು, ಸಹಾಯಕ ಕಾರ್ಯದರ್ಶಿಗಳು, ಮಂಡಳಿಗಳ ಸದಸ್ಯರು, ಸರ್ಕಾರಿ ವಕೀಲರು ಎಲ್ಲರೂ ಇದರಲ್ಲಿ ಬರುತ್ತಾರೆ.

ನಮ್ಮಲ್ಲಿ ಪ್ರಧಾನಿಯ ಸಂಪುಟಕ್ಕಾಗಲಿ, ವಿದೇಶದಲ್ಲಿರುವ ನಮ್ಮ ರಾಯಭಾರಿಗಾಗಲಿ ಸಂಸತ್ತಿನ ಮತ ಬೇಕಿಲ್ಲ. ಹಾಗಾಗಿ ಒಬ್ಬ ಸಹಾಯಕ ಕಾರ್ಯದರ್ಶಿಯ ಹೆಸರಿಗೂ ಮೇಲ್ಮನೆಯಲ್ಲಿ ಮತ ಎಣಿಸುವುದು ನಮಗೆ ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ಇದು 1789ರಿಂದಲೇ ನಡೆದುಬಂದಿದೆ. ಆ ವರ್ಷವೇ ಜಾರ್ಜ್ ವಾಷಿಂಗ್ಟನ್ ಅವರು ಸವಾನಾ ಬಂದರಿನ ಅಧಿಕಾರಿಯಾಗಿ ಹೆಸರಿಸಿದ್ದ ಬೆಂಜಮಿನ್ ಫಿಶ್‌ಬರ್ನ್ ಅವರನ್ನು ಸೆನೆಟ್ ತಿರಸ್ಕರಿಸಿತ್ತು. ದೇಶ ಕಟ್ಟಿದವರ ಮಾತಿಗೇ ಆಗ ಇಲ್ಲ ಎಂದ ಸದನ ಅದು.

60 ಮತ ಎಂಬ ಲೆಕ್ಕ ಸಂವಿಧಾನದಲ್ಲಿದೆಯೇ?

ಇಲ್ಲ. ಒಂದು ಹೆಸರು ಅಂಗೀಕಾರವಾಗಲು ಯಾವತ್ತೂ ಸರಳ ಬಹುಮತವೇ ಸಾಕಿತ್ತು. ತೊಡಕು ಇದ್ದದ್ದು ಅದಕ್ಕಿಂತ ಒಂದು ಹೆಜ್ಜೆ ಹಿಂದೆ, ಚರ್ಚೆಯನ್ನು ಮುಗಿಸಿ ಮತಕ್ಕೆ ಬರುವ ಹಂತದಲ್ಲಿ. 1806ರಲ್ಲಿ ಸೆನೆಟ್ ತನ್ನ ನಿಯಮಗಳನ್ನು ಚೊಕ್ಕಗೊಳಿಸುವಾಗ, ಚರ್ಚೆ ನಿಲ್ಲಿಸಲು ಬಳಸಬಹುದಾಗಿದ್ದ ಒಂದು ಪ್ರಸ್ತಾವವನ್ನು ಉಪಯೋಗವಿಲ್ಲವೆಂದು ಕೈಬಿಟ್ಟಿತು. ಆಮೇಲೆ ಯಾರಾದರೂ ಮಾತು ನಿಲ್ಲಿಸಲು ಒಪ್ಪದಿದ್ದರೆ ಅವರನ್ನು ಕೂರಿಸುವ ದಾರಿಯೇ ಉಳಿಯಲಿಲ್ಲ. ಒಂದು ಶತಮಾನಕ್ಕೂ ಹೆಚ್ಚು ಕಾಲ ಹಾಗೆಯೇ ನಡೆಯಿತು.

ಮೊದಲ ಮಹಾಯುದ್ಧದ ಹೊತ್ತಿಗೆ, ವ್ಯಾಪಾರಿ ಹಡಗುಗಳಿಗೆ ಶಸ್ತ್ರ ಒದಗಿಸುವ ಮಸೂದೆಯನ್ನು ಕೆಲವೇ ಸೆನೆಟರ್‌ಗಳು ತಡೆದು ನಿಲ್ಲಿಸಿದರು. ಅಧ್ಯಕ್ಷ ವುಡ್ರೊ ವಿಲ್ಸನ್ ಕೆಂಡಾಮಂಡಲವಾದರು. ಅದರ ಫಲವಾಗಿ 1917ರಲ್ಲಿ ‘ಕ್ಲೋಚರ್’ ಬಂತು, ಅಂದರೆ ಚರ್ಚೆಗೆ ತೆರೆ ಎಳೆಯುವ ಮತದಾನ. ಮೊದಲು ಅದಕ್ಕೆ ಮೂರನೇ ಎರಡರಷ್ಟು ಬೆಂಬಲ ಬೇಕಿತ್ತು ಮತ್ತು ಅದು ಮಸೂದೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 1949ರಲ್ಲಿ ನೇಮಕಗಳಿಗೂ ವಿಸ್ತರಿಸಿದರು. 1975ರಲ್ಲಿ ಮಿತಿಯನ್ನು ಒಟ್ಟು ಸದಸ್ಯರ ಐದನೇ ಮೂರರಷ್ಟಕ್ಕೆ ಇಳಿಸಿದರು. 100 ಸದಸ್ಯರ ಸದನದಲ್ಲಿ ಅದು 60.

ಕ್ಲೋಚರ್‌ನ ಈ ನಿಯಮ, ಅಂದರೆ ಸೆನೆಟ್‌ನ 22ನೇ ನಿಯಮ, ಪುಸ್ತಕದಲ್ಲಿ ಇಂದಿಗೂ ಹಾಗೆಯೇ ಇದೆ.

ಫಿಲಿಬಸ್ಟರ್ ಎಂದರೆ ರಾತ್ರಿಯಿಡೀ ನಿಂತು ಭಾಷಣ ಮಾಡುವುದಲ್ಲವೇ?

ಚರ್ಚೆ ಮುಗಿಯಲು ಬಿಡದೆ ಮತವನ್ನು ತಡೆಯುವುದೇ ಫಿಲಿಬಸ್ಟರ್. ರಾತ್ರಿಯಿಡೀ ಭಾಷಣದ ದೃಶ್ಯ ಈಗ ಅಪರೂಪ. 1957ರಲ್ಲಿ ಸ್ಟ್ರಾಮ್ ಥರ್ಮಂಡ್ ನಾಗರಿಕ ಹಕ್ಕುಗಳ ಮಸೂದೆಯ ವಿರುದ್ಧ 24 ಗಂಟೆ 18 ನಿಮಿಷ ಮಾತನಾಡಿದ್ದು ನಿಜ. ಆದರೆ ನೇಮಕಗಳ ವಿಷಯದಲ್ಲಿ ಯಾರೂ ಗಂಟಲು ಒಣಗಿಸಿಕೊಳ್ಳಬೇಕಾಗಿರಲಿಲ್ಲ. 41 ಮಂದಿ ಚರ್ಚೆ ಮುಗಿಸಲು ಒಪ್ಪುವುದಿಲ್ಲ ಎಂದು ಗೊತ್ತಾದರೆ ಆ ಹೆಸರು ಕಡತದಲ್ಲೇ ಉಳಿಯುತ್ತಿತ್ತು. ಭಾಷಣವಿಲ್ಲ, ಗದ್ದಲವಿಲ್ಲ, ಟಿ.ವಿ.ಯಲ್ಲಿ ತೋರಿಸಲು ಏನೂ ಇಲ್ಲ. ಅದಕ್ಕೇ ಅದು ಅಷ್ಟು ಅಗ್ಗದ ಅಸ್ತ್ರವಾಯಿತು ಎಂದು ನನಗನ್ನಿಸುತ್ತದೆ.

2013ರ ನವೆಂಬರ್ 21ರಂದು ನಿಖರವಾಗಿ ಏನಾಯಿತು?

ಹಿನ್ನೆಲೆ ಹೀಗಿದೆ. ವಾಷಿಂಗ್ಟನ್ನಿನ ಡಿ.ಸಿ. ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಸುಪ್ರೀಂ ಕೋರ್ಟಿನ ನಂತರದ ಮಹತ್ವದ ಪೀಠವೆಂದೇ ಹೆಸರಾದದ್ದು. ಸರ್ಕಾರಿ ಸಂಸ್ಥೆಗಳ ಆದೇಶಗಳಿಗೆ ಸಂಬಂಧಿಸಿದ ದಾವೆಗಳೆಲ್ಲ ಹೆಚ್ಚಾಗಿ ಅಲ್ಲಿಗೇ ಹೋಗುತ್ತವೆ. ಚಂಡೀಗಢದಲ್ಲಿ ಹುಟ್ಟಿದ ಶ್ರೀ ಶ್ರೀನಿವಾಸನ್ ಅವರನ್ನು 2013ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯಕ್ಕೆ ಸೆನೆಟ್ 97-0 ಮತಗಳಿಂದ ಕಳುಹಿಸಿತ್ತು. ಆಮೇಲೂ ಮೂರು ಸ್ಥಾನ ಖಾಲಿ ಇದ್ದವು. ಒಬಾಮ ಅವರು ಪೆಟ್ರೀಷಿಯಾ ಮಿಲೆಟ್, ಕಾರ್ನೀಲಿಯಾ ಪಿಲರ್ಡ್ ಮತ್ತು ರಾಬರ್ಟ್ ವಿಲ್ಕಿನ್ಸ್ ಅವರನ್ನು ಹೆಸರಿಸಿದರು. ಆ ನ್ಯಾಯಾಲಯಕ್ಕೆ ಅಷ್ಟು ಕೆಲಸವೇ ಇಲ್ಲ, ಹೆಚ್ಚು ನ್ಯಾಯಾಧೀಶರು ಬೇಡ ಎಂದು ರಿಪಬ್ಲಿಕನ್ನರು ಮೂವರನ್ನೂ ಮೂರು ವಾರದೊಳಗೆ ತಡೆದರು. ಹುದ್ದೆಗೆ ಬಂದವರ ಅರ್ಹತೆಯ ಬಗ್ಗೆ ತಕರಾರು ಇರಲಿಲ್ಲ. ಖಾಲಿ ಕುರ್ಚಿ ಖಾಲಿಯಾಗಿಯೇ ಇರಲಿ ಎಂಬುದು ವಾದ. ಅದಕ್ಕೂ ಮೊದಲು ಅದೇ ವರ್ಷ ರಕ್ಷಣಾ ಸಚಿವ ಹುದ್ದೆಗೆ ಚಕ್ ಹೇಗಲ್ ಅವರ ಹೆಸರನ್ನೂ ಕೆಲ ದಿನ ತಡೆಹಿಡಿದಿದ್ದರು. ಹೇಗಲ್ ಸ್ವತಃ ರಿಪಬ್ಲಿಕನ್!

ಬಹುಮತದ ನಾಯಕ, ಡೆಮಾಕ್ರಟ್ ಹ್ಯಾರಿ ರೀಡ್ ಅವರ ತಾಳ್ಮೆ ಮುಗಿಯಿತು. ಅಂದು ಬೆಳಿಗ್ಗೆ ಅವರು ಮಿಲೆಟ್ ಅವರ ಹೆಸರಿನ ಮೇಲಿನ ಕ್ಲೋಚರ್ ಮತವನ್ನು ಮರುಪರಿಶೀಲನೆಗೆ ತಂದರು. ನಂತರ ಎದ್ದು ಒಂದು ಕ್ರಿಯಾಲೋಪ (ಕಲಾಪ ನಿಯಮದಂತೆ ನಡೆಯುತ್ತಿಲ್ಲ ಎಂಬ ಆಕ್ಷೇಪ) ಎತ್ತಿದರು: ಸುಪ್ರೀಂ ಕೋರ್ಟ್ ಬಿಟ್ಟು ಉಳಿದೆಲ್ಲ ನೇಮಕಗಳಿಗೆ 22ನೇ ನಿಯಮದ ಅಡಿಯ ಕ್ಲೋಚರ್ ಸರಳ ಬಹುಮತದಿಂದ ನಡೆಯತಕ್ಕದ್ದು. ಪುಸ್ತಕ ಹೇಳುವುದು ಅದಕ್ಕೆ ನೇರ ವಿರುದ್ಧ. ಪೀಠದಲ್ಲಿದ್ದ ಪ್ಯಾಟ್ರಿಕ್ ಲೇಹಿ ರೀಡ್ ಅವರ ಪಕ್ಷದವರೇ ಆದರೂ ಕ್ರಿಯಾಲೋಪವನ್ನು ತಳ್ಳಿಹಾಕಿದರು. ರೀಡ್ ನಿರೀಕ್ಷಿಸಿದ್ದೂ ಅದನ್ನೇ. ಅವರು ತಕ್ಷಣ ಆ ರೂಲಿಂಗ್ ವಿರುದ್ಧ ಸದನಕ್ಕೆ ಮೇಲ್ಮನವಿ ಹಾಕಿದರು. ಪೀಠದ ತೀರ್ಮಾನ ನಿಲ್ಲಬೇಕೇ ಎಂಬ ಪ್ರಶ್ನೆಗೆ ಹೌದು ಎಂದವರು 48, ಬೇಡ ಎಂದವರು 52. ರೂಲಿಂಗ್ ಬಿತ್ತು. ಅದು ಬಿದ್ದ ಕ್ಷಣವೇ ಹೊಸ ಪೂರ್ವನಿದರ್ಶನ ಹುಟ್ಟಿತು.

ಡೆಮಾಕ್ರಟರಲ್ಲಿ ಕಾರ್ಲ್ ಲೆವಿನ್, ಜೋ ಮ್ಯಾಂಚಿನ್ ಮತ್ತು ಮಾರ್ಕ್ ಪ್ರಯರ್ ಮಾತ್ರ ರೀಡ್ ಅವರ ವಿರುದ್ಧ ನಿಂತರು. ಅದೇ ದಿನ ಮಿಲೆಟ್ ಅವರ ಕ್ಲೋಚರ್ 55-43ರಿಂದ ಪಾರಾಯಿತು. ಡಿಸೆಂಬರ್‌ನಲ್ಲಿ ಅವರು ನ್ಯಾಯಾಧೀಶರಾದರು. ನೀವಿದಕ್ಕೆ ಪಶ್ಚಾತ್ತಾಪ ಪಡುತ್ತೀರಿ, ನೀವೆಣಿಸಿದ್ದಕ್ಕಿಂತ ಬೇಗನೇ ಪಡುತ್ತೀರಿ ಎಂಬರ್ಥದಲ್ಲಿ ಅಲ್ಪಮತದ ನಾಯಕ ಮಿಚ್ ಮೆಕಾನೆಲ್ ಸದನದಲ್ಲೇ ಎಚ್ಚರಿಸಿದರು. ಎಚ್ಚರಿಕೆಯಷ್ಟೇ ಕೊಟ್ಟು ಸುಮ್ಮನಾಗುವ ಪೈಕಿ ಅವರಲ್ಲ ಎಂಬುದು ಮುಂದೆ ತಿಳಿಯಿತು.

ಸಭಾಧ್ಯಕ್ಷರ ರೂಲಿಂಗ್ ಅನ್ನು ಸದಸ್ಯರೇ ಮತ ಹಾಕಿ ಸೋಲಿಸಬಹುದೇ?

ಅಮೆರಿಕದ ಸೆನೆಟ್‌ನಲ್ಲಿ ಹೌದು, ಮತ್ತು ಇಡೀ ಕಥೆ ನಿಂತಿರುವುದು ಈ ಒಂದು ಕೀಲಿನ ಮೇಲೆ. ನಮ್ಮ ಲೋಕಸಭೆಯಲ್ಲಾಗಲಿ, ವಿಧಾನಸೌಧದಲ್ಲಾಗಲಿ ಸ್ಪೀಕರ್ ರೂಲಿಂಗ್ ಕೊಟ್ಟರೆ ಅದೇ ಅಂತಿಮ. ಕೂಗಾಡಬಹುದು, ಬಾವಿಗೆ ಇಳಿಯಬಹುದು, ಸಭಾತ್ಯಾಗ ಮಾಡಬಹುದು. ಆ ರೂಲಿಂಗ್ ಅನ್ನು ಮತಕ್ಕೆ ಹಾಕುವಂತಿಲ್ಲ. ಸೆನೆಟ್‌ನಲ್ಲಿ ಪೀಠದಲ್ಲಿ ಕೂರುವವರು ಸದನದ ಸೇವಕರಂತೆ. ಅವರು ನಿಯಮಗಳ ಪರಿಣತರಾದ ಪಾರ್ಲಿಮೆಂಟೇರಿಯನ್ ಹೇಳಿದ್ದನ್ನು ಓದುತ್ತಾರೆ. ಅದನ್ನು ಒಪ್ಪುವುದೂ ಬಿಡುವುದೂ ಸದಸ್ಯರಿಗೆ ಸೇರಿದ್ದು.

ನಿಯಮವನ್ನು ನೇರವಾಗಿ ತಿದ್ದಲು ಹೊರಟರೆ, ಚರ್ಚೆ ಮುಗಿಸುವುದಕ್ಕೇ ಹಾಜರಿದ್ದು ಮತ ಹಾಕುವವರಲ್ಲಿ ಮೂರನೇ ಎರಡರಷ್ಟು ಬೆಂಬಲ ಬೇಕು. ರೂಲಿಂಗ್ ವಿರುದ್ಧದ ಮೇಲ್ಮನವಿಗೆ ಸರಳ ಬಹುಮತ ಸಾಕು. ಕ್ಲೋಚರ್‌ಗೆ ಸಂಬಂಧಿಸಿದ ಮೇಲ್ಮನವಿಯಾದರೆ ಅದರ ಮೇಲೆ ಚರ್ಚೆಯೂ ಇಲ್ಲ, ಹಾಗಾಗಿ ಫಿಲಿಬಸ್ಟರ್ ಮಾಡುವ ಅವಕಾಶವೂ ಇಲ್ಲ. ಮುಂಬಾಗಿಲಿಗೆ ಮೂರು ಬೀಗ ಹಾಕಿ ಹಿತ್ತಲ ಬಾಗಿಲನ್ನು ಬರೀ ಮುಂದೆ ಮಾಡಿ ಬಿಟ್ಟ ಮನೆ ಇದು. 60ರ ತಡೆಯನ್ನು ಬೀಳಿಸಲು ಎಷ್ಟೋ ದಶಕ ಯಾರೂ ಹಿತ್ತಲ ಕಡೆ ಹೋಗಲಿಲ್ಲ ಎಂದರೆ ಅದಕ್ಕೆ ನಿಯಮ ಕಾರಣವಲ್ಲ, ಸಂಕೋಚ ಕಾರಣ.

ಇದಕ್ಕೆ ‘ನ್ಯೂಕ್ಲಿಯರ್ ಆಪ್ಷನ್’ ಎಂಬ ಭಯಾನಕ ಹೆಸರೇಕೆ?

ಒಮ್ಮೆ ಹಾರಿಸಿದರೆ ಎರಡೂ ಕಡೆ ನಾಶ ಎಂಬ ಅರ್ಥದಲ್ಲಿ. ಹೆಸರಿಟ್ಟವರು ರಿಪಬ್ಲಿಕನ್ ಸೆನೆಟರ್ ಟ್ರೆಂಟ್ ಲಾಟ್ ಎನ್ನುತ್ತಾರೆ. ಜಾರ್ಜ್ ಬುಷ್ ಅವರ ಕಾಲದಲ್ಲಿ ಡೆಮಾಕ್ರಟರು ಮೇಲ್ಮನವಿ ನ್ಯಾಯಾಲಯಗಳ ಹೆಸರುಗಳನ್ನು ಒಂದಾದ ಮೇಲೊಂದು ತಡೆಯುತ್ತಿದ್ದಾಗ ಈ ಮಾತು ಹುಟ್ಟಿತು. ಮಿಗೆಲ್ ಎಸ್ಟ್ರಾಡಾ ಅವರ ಮೇಲೆ ಏಳು ಬಾರಿ ಕ್ಲೋಚರ್ ಸೋತು, 2003ರಲ್ಲಿ ಅವರೇ ಹಿಂದೆ ಸರಿದರು. 2005ರಲ್ಲಿ ಬಹುಮತದ ನಾಯಕ ಬಿಲ್ ಫ್ರಿಸ್ಟ್ ಗುಂಡಿ ಒತ್ತಲು ಸಿದ್ಧರಾಗಿದ್ದರು. ಆ ಮೇ ತಿಂಗಳಲ್ಲಿ ಎರಡೂ ಪಕ್ಷಗಳಿಂದ ತಲಾ ಏಳರಂತೆ 14 ಮಂದಿ ಒಟ್ಟು ಸೇರಿ ರಾಜಿ ಮಾಡಿಸಿದರು: ಅಸಾಧಾರಣ ಸಂದರ್ಭ ಬಿಟ್ಟರೆ ಡೆಮಾಕ್ರಟರು ತಡೆಯುವುದಿಲ್ಲ, ರಿಪಬ್ಲಿಕನ್ನರು ಗುಂಡಿ ಒತ್ತುವುದಿಲ್ಲ.

ಡಾ. ವಿವೇಕ್ ಮೂರ್ತಿ ಅವರ ನೇಮಕಕ್ಕೂ ಇದಕ್ಕೂ ಸಂಬಂಧ ಇದೆ ಎನ್ನುತ್ತಾರೆ. ನಿಜವೇ?

ನಿಜ. ಈ ನಿಯಮದ ಬದಲಾವಣೆ ಒಬ್ಬ ವ್ಯಕ್ತಿಯ ಬದುಕಿನಲ್ಲಿ ಹೇಗೆ ಕೆಲಸ ಮಾಡಿತು ಎಂದು ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಅದು ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆಯ ಮನೆತನದ್ದು ಎಂಬುದು ಕನ್ನಡ ಓದುಗರಿಗೆ ಹೆಚ್ಚಿನ ಕುತೂಹಲ.

ಒಬಾಮ ಅವರು ಮೂರ್ತಿ ಅವರನ್ನು ಸರ್ಜನ್ ಜನರಲ್ ಹುದ್ದೆಗೆ ಹೆಸರಿಸಿದ್ದು 2013ರ ನವೆಂಬರ್‌ನಲ್ಲಿ, ರೀಡ್ ಅವರ ಆ ಮತದಾನಕ್ಕೆ ಒಂದು ವಾರ ಮೊದಲು. ಆ ಹುದ್ದೆಗೆ ಕಾನೂನು ಮಾಡುವ ಅಧಿಕಾರವಿಲ್ಲ, ದೊಡ್ಡ ಬಜೆಟ್ ಇಲ್ಲ. ದೇಶದ ಜನಕ್ಕೆ ಆರೋಗ್ಯದ ಬಗ್ಗೆ ಹೇಳುವ ವೈದ್ಯರ ದನಿ ಅದು. ಆದರೆ ಮೂರ್ತಿ ಅವರು 2012ರಲ್ಲಿ ಬಂದೂಕು ಕೂಡ ಆರೋಗ್ಯದ ವಿಷಯವೇ ಎಂದು ಟ್ವೀಟ್ ಮಾಡಿದ್ದರು. ನ್ಯಾಷನಲ್ ರೈಫಲ್ ಅಸೋಸಿಯೇಷನ್ ಅದನ್ನು ಹಿಡಿದುಕೊಂಡಿತು. ಸೆನೆಟರ್ ರ‍್ಯಾಂಡ್ ಪಾಲ್ ಆಕ್ಷೇಪ ದಾಖಲಿಸಿದರು. 2014ರ ನವೆಂಬರ್‌ನಲ್ಲಿ ಚುನಾವಣೆ; ಗ್ರಾಮೀಣ ರಾಜ್ಯಗಳ ಡೆಮಾಕ್ರಟರು ಬಂದೂಕಿನ ಪ್ರಶ್ನೆ ಎತ್ತಿಕೊಂಡು ಮತದಾರರ ಮುಂದೆ ಹೋಗಲು ತಯಾರಿರಲಿಲ್ಲ. ಹಾಗಾಗಿ 60 ಮತದ ತಡೆ ಹೋದ ಮೇಲೂ ಮೂರ್ತಿ ಅವರು ತಿಂಗಳುಗಟ್ಟಲೆ ಕಾದರು. ಎಬೋಲಾ ಭಯ ಅಮೆರಿಕದ ಆಸ್ಪತ್ರೆಗಳಿಗೆ ಕಾಲಿಟ್ಟಾಗ ಹಂಗಾಮಿ ಅಧಿಕಾರಿಯೇ ಆ ಸ್ಥಾನದಲ್ಲಿದ್ದರು.

ಚುನಾವಣೆಯಲ್ಲಿ ಡೆಮಾಕ್ರಟರು ಸೆನೆಟ್ ಕಳೆದುಕೊಂಡರು. ಜನವರಿ ಬಂದರೆ ಬಾಗಿಲು ಮುಚ್ಚುತ್ತಿತ್ತು. ಡಿಸೆಂಬರ್ 12ರ ಶುಕ್ರವಾರ ರಾತ್ರಿ ಸೆನೆಟರ್‌ಗಳು ಊರಿಗೆ ಹೊರಡುವ ತವಕದಲ್ಲಿದ್ದರು. ಸೋಮವಾರಕ್ಕೆ ಮುಂದೂಡುವ ಒಪ್ಪಂದಕ್ಕೆ ರಿಪಬ್ಲಿಕನ್ನರಾದ ಟೆಡ್ ಕ್ರೂಝ್ ಮತ್ತು ಮೈಕ್ ಲೀ ಅಡ್ಡಿ ಹಾಕಿದರು. ಒಬಾಮ ಅವರ ವಲಸೆ ನೀತಿಯ ವಿರುದ್ಧ ಮತ ಹಾಕಿಸಬೇಕೆಂಬುದು ಅವರ ಹಟ. ಸದನ ಶನಿವಾರವೂ ಕೂರಬೇಕಾಯಿತು. ಕೂತಿದ್ದೇ ಆಯಿತಲ್ಲ ಎಂದು ರೀಡ್ ಆ ದಿನವನ್ನು ಬಾಕಿ ಇದ್ದ ಸುಮಾರು ಎರಡು ಡಜನ್ ಹೆಸರುಗಳನ್ನು ಮುಂದಕ್ಕೆ ತಳ್ಳಲು ಬಳಸಿಕೊಂಡರು. ಅದರಲ್ಲಿ ಮೂರ್ತಿ ಅವರ ಹೆಸರೂ ಇತ್ತು. ರೀಡ್ ಹೇಗಿದ್ದರೂ ಇದನ್ನು ಮಾಡುತ್ತಿದ್ದರು ಎಂದು ಕ್ರೂಝ್ ಕಡೆಯವರು ಸಮಜಾಯಿಷಿ ಕೊಟ್ಟರು. ಅವರದೇ ಪಕ್ಷದ ಹಲವರು ಅದನ್ನು ನಂಬಲಿಲ್ಲ.

ಡಿಸೆಂಬರ್ 15ರಂದು ಕ್ಲೋಚರ್ 52-40, ಅಂತಿಮ ಮತ 51-43. ಹಳೆಯ ಲೆಕ್ಕದಲ್ಲಿ 52 ಎಂದರೆ ಸೋಲು. 37ರ ವಯಸ್ಸಿನ ಮೂರ್ತಿ ಅವರು ಸರ್ಜನ್ ಜನರಲ್ ಆದರು. 2017ರಲ್ಲಿ ಟ್ರಂಪ್ ಆಡಳಿತ ಅವರನ್ನು ಕೆಳಗಿಳಿಸಿತು. 2021ರಲ್ಲಿ ಬೈಡನ್ ಮತ್ತೆ ಅದೇ ಹುದ್ದೆಗೆ ಕರೆದಾಗ ಸಿಕ್ಕಿದ್ದು 57-43. ಎರಡನೇ ಸಲವೂ 60 ಮುಟ್ಟಲಿಲ್ಲ.

ಹಾಗಾದರೆ ತಪ್ಪು ಯಾವ ಪಕ್ಷದ್ದು?

ಈ ಪ್ರಶ್ನೆಗೆ ಎರಡೂ ಪಕ್ಷದವರ ಬಳಿ ಸಿದ್ಧ ಉತ್ತರವಿದೆ, ಮತ್ತು ಎರಡೂ ಉತ್ತರ ತಮಗೆ ಬೇಕಾದ ವರ್ಷದಿಂದ ಶುರುವಾಗುತ್ತದೆ. 2005ರಲ್ಲಿ ಗುಂಡಿ ಒತ್ತಬೇಕು ಎಂದ ಮೆಕಾನೆಲ್ 2013ರಲ್ಲಿ ಅನಾಹುತ ಎಂದರು. 2005ರಲ್ಲಿ ಅನಾಹುತ ಎಂದ ರೀಡ್ 2013ರಲ್ಲಿ ಒತ್ತಿದರು. ಆಗ ಸೆನೆಟರ್ ಆಗಿದ್ದ ಒಬಾಮ ಕೂಡ 2005ರಲ್ಲಿ ಇದರ ವಿರುದ್ಧ ಭಾಷಣ ಮಾಡಿದ್ದವರು, 2013ರಲ್ಲಿ ಬೆಂಬಲಿಸಿದರು. ಕುರ್ಚಿ ಬದಲಾದರೆ ತತ್ವವೂ ಜಾಗ ಬದಲಿಸುತ್ತದೆ. ನಮ್ಮ ವಿಧಾನಮಂಡಲದ ಕಲಾಪ ನೋಡಿದವರಿಗೆ ಇದೇನೂ ಹೊಸದಲ್ಲ.

ನನ್ನ ಅಭಿಪ್ರಾಯ ಕೇಳಿದರೆ, 2013ರ ಕ್ರಮ ಸಮರ್ಥನೀಯ. ಗೆದ್ದ ಅಧ್ಯಕ್ಷನಿಗೆ ತನ್ನ ತಂಡ ಕಟ್ಟಿಕೊಳ್ಳಲು ಸದನದ ಅರ್ಧಕ್ಕಿಂತ ಒಂದು ಹೆಚ್ಚು ಮತ ಸಾಕಾಗಬೇಕು. ಆಜೀವ ಹುದ್ದೆಯ ನ್ಯಾಯಾಧೀಶರನ್ನೂ ಅದೇ ತಕ್ಕಡಿಯಲ್ಲಿ ಹಾಕಿದ್ದು ಮಾತ್ರ ಅವಸರ. ಸಚಿವ ನಾಲ್ಕು ವರ್ಷದಲ್ಲಿ ಹೋಗುತ್ತಾನೆ. ನ್ಯಾಯಾಧೀಶ ಮೂವತ್ತು ವರ್ಷ ಕೂರುತ್ತಾನೆ.

ಸುಪ್ರೀಂ ಕೋರ್ಟಿಗೆ ಇದು ಅನ್ವಯಿಸುತ್ತದೆಯೇ?

2013ರಲ್ಲಿ ರೀಡ್ ಅದನ್ನು ಹೊರಗಿಟ್ಟಿದ್ದರು. 2016ರ ಫೆಬ್ರುವರಿಯಲ್ಲಿ ನ್ಯಾಯಮೂರ್ತಿ ಆಂಟನಿನ್ ಸ್ಕಲಿಯಾ ತೀರಿಕೊಂಡರು. ಒಬಾಮ ಅವರು ಮೆರಿಕ್ ಗಾರ್ಲಂಡ್ ಅವರನ್ನು ಹೆಸರಿಸಿದರು. ಆಗ ಬಹುಮತದ ನಾಯಕರಾಗಿದ್ದ ಮೆಕಾನೆಲ್ ವಿಚಾರಣೆಯನ್ನೇ ನಡೆಸಲಿಲ್ಲ. 293 ದಿನ ಕಾದು ಆ ಹೆಸರು ತಾನಾಗಿಯೇ ಅಸಿಂಧುವಾಯಿತು. ಇಲ್ಲಿ 60 ಮತದ ಮಾತೇ ಬರಲಿಲ್ಲ ಎಂಬುದನ್ನು ಗಮನಿಸಿ. ಬಹುಮತ ಕೈಯಲ್ಲಿದ್ದರೆ ತಡೆಯಲು ಯಾವ ನಿಯಮವೂ ಬೇಕಿಲ್ಲ, ಹೆಸರನ್ನು ಕೈಗೆತ್ತಿಕೊಳ್ಳದಿದ್ದರೆ ಮುಗಿಯಿತು.

ಟ್ರಂಪ್ ಗೆದ್ದು ನೀಲ್ ಗೋರ್ಸಚ್ ಅವರನ್ನು ಹೆಸರಿಸಿದಾಗ ಡೆಮಾಕ್ರಟರು ಫಿಲಿಬಸ್ಟರ್‌ಗೆ ನಿಂತರು. 2017ರ ಏಪ್ರಿಲ್ 6ರಂದು ಮೆಕಾನೆಲ್, ರೀಡ್ ತೋರಿಸಿದ ದಾರಿಯಲ್ಲೇ ಹೆಜ್ಜೆ ಇಟ್ಟು, ಅದೇ 52-48ರ ಅಂತರದಲ್ಲಿ ಸುಪ್ರೀಂ ಕೋರ್ಟ್ ವಿನಾಯಿತಿಯನ್ನೂ ಅಳಿಸಿದರು. ಮರುದಿನ ಗೋರ್ಸಚ್ 54-45ರಿಂದ ಗೆದ್ದರು. ಆಮೇಲೆ ಬಂದ ಬ್ರೆಟ್ ಕವನಾ 50-48, ಏಮಿ ಕೋನಿ ಬ್ಯಾರೆಟ್ 52-48, ಕೆಟಾಂಜಿ ಬ್ರೌನ್ ಜಾಕ್ಸನ್ 53-47. ಹಳೆಯ ನಿಯಮವಿದ್ದಿದ್ದರೆ ಈ ಹೆಸರುಗಳಿಗೆ ದಾರಿ ಇರುತ್ತಿತ್ತೇ ಎಂಬುದು ಅನುಮಾನ. ಅಥವಾ ಅಧ್ಯಕ್ಷರು ಬೇರೆ ಬಗೆಯ, ಇಬ್ಬರೂ ಒಪ್ಪುವ ಹೆಸರುಗಳನ್ನು ಹುಡುಕುತ್ತಿದ್ದರೇನೋ.

ಸಚಿವರ ವಿಷಯದಲ್ಲಿ ಅಂತರ ಎಷ್ಟು ತೆಳುವಾಗಿದೆ?

2017ರಲ್ಲಿ ಶಿಕ್ಷಣ ಸಚಿವೆ ಬೆಟ್ಸಿ ಡಿವಾಸ್ ಅವರ ಮೇಲೆ ಸದನ 50-50 ಆಗಿ ಒಡೆಯಿತು. ಉಪಾಧ್ಯಕ್ಷ ಮೈಕ್ ಪೆನ್ಸ್ ಬಂದು ನಿರ್ಣಾಯಕ ಮತ ಹಾಕಿದರು. ಸಂಪುಟದ ಹೆಸರೊಂದಕ್ಕೆ ಉಪಾಧ್ಯಕ್ಷರ ಮತ ಬೇಕಾದದ್ದು ಅದೇ ಮೊದಲು. 2025ರ ಜನವರಿಯಲ್ಲಿ ರಕ್ಷಣಾ ಸಚಿವ ಪೀಟ್ ಹೆಗ್ಸೆತ್ ಅವರ ವಿಷಯದಲ್ಲೂ ಅದೇ 51-50, ಈ ಬಾರಿ ಜೆ.ಡಿ. ವಾನ್ಸ್ ಮತ.

51 ಸಾಕು ಎಂದಾದ ಮೇಲೂ ಹುದ್ದೆಗಳು ತಿಂಗಳುಗಟ್ಟಲೆ ಖಾಲಿ ಬೀಳುವುದೇಕೆ?

ಜನ ಮತದ ಸಂಖ್ಯೆಯನ್ನೇ ನೋಡುತ್ತಾರೆ, ಗಡಿಯಾರವನ್ನು ನೋಡುವುದಿಲ್ಲ. 2019ರವರೆಗೆ ಒಂದು ಹೆಸರಿಗೆ ವಿರೋಧ ಪಕ್ಷ ಸಹಕರಿಸದಿದ್ದರೆ ಸಾಮಾನ್ಯವಾಗಿ ಹೀಗಾಗುತ್ತಿತ್ತು: 16 ಸೆನೆಟರ್‌ಗಳ ಸಹಿಯೊಂದಿಗೆ ಕ್ಲೋಚರ್ ಅರ್ಜಿ ಸಲ್ಲಬೇಕು, ನಡುವೆ ಸದನ ನಡೆಯುವ ಒಂದು ದಿನ ಕಳೆಯಬೇಕು, ಆಮೇಲೆ ಕ್ಲೋಚರ್ ಮತ, ಅದು ಗೆದ್ದ ಮೇಲೂ 30 ಗಂಟೆ ಚರ್ಚೆಯ ಅವಕಾಶ, ಕೊನೆಗೆ ಅಂತಿಮ ಮತ. ಆ 30 ಗಂಟೆಯಲ್ಲಿ ಯಾರೂ ಮಾತನಾಡದಿದ್ದರೂ ಗಂಟೆ ಓಡಲೇಬೇಕಿತ್ತು. 1,300 ಹೆಸರುಗಳಿಗೆ ಇದನ್ನು ಗುಣಿಸಿ ನೋಡಿ. ಹಿಂದೆಲ್ಲ ವಿವಾದವಿಲ್ಲದ ನೂರಾರು ಹೆಸರುಗಳು ಸಂಜೆ ಸದನ ಮುಗಿಯುವ ಹೊತ್ತಿಗೆ ಧ್ವನಿಮತದಲ್ಲೋ ಸರ್ವಾನುಮತದಲ್ಲೋ ಒಟ್ಟಿಗೆ ಪಾರಾಗುತ್ತಿದ್ದವು. ಸರ್ವಾನುಮತ ಎಂದರೆ ಒಬ್ಬರೇ ಒಬ್ಬರು ಎದ್ದು ಬೇಡ ಎಂದರೂ ನಿಂತಿತು. ಇದನ್ನೇ ಅಲ್ಲಿ ‘ಹೋಲ್ಡ್’ ಹಾಕುವುದು ಎನ್ನುತ್ತಾರೆ.

60ರ ಅಸ್ತ್ರ ಹೋದ ಮೇಲೆ ಎರಡೂ ಪಕ್ಷ ಈ ಗಡಿಯಾರದ ಅಸ್ತ್ರ ಹಿಡಿದವು. ಹಾಗಾಗಿ 2019ರ ಏಪ್ರಿಲ್‌ನಲ್ಲಿ ಮೆಕಾನೆಲ್ ಮತ್ತೆ ಅದೇ ಮೇಲ್ಮನವಿ ತಂತ್ರ ಬಳಸಿ, ಸಂಪುಟಕ್ಕಿಂತ ಕೆಳಗಿನ ಹೆಚ್ಚಿನ ಹುದ್ದೆಗಳಿಗೆ ಮತ್ತು ಜಿಲ್ಲಾ ನ್ಯಾಯಾಧೀಶರಿಗೆ 30 ಗಂಟೆಯನ್ನು ಎರಡು ಗಂಟೆಗೆ ಇಳಿಸಿದರು.

ಅದೂ ಸಾಲಲಿಲ್ಲ. 2023ರಲ್ಲಿ ಅಲಬಾಮದ ರಿಪಬ್ಲಿಕನ್ ಸೆನೆಟರ್ ಟಾಮಿ ಟ್ಯೂಬರ್‌ವಿಲ್, ಗರ್ಭಪಾತಕ್ಕೆ ಬೇರೆ ರಾಜ್ಯಕ್ಕೆ ಹೋಗುವ ಸೈನಿಕರಿಗೆ ಪ್ರಯಾಣ ವೆಚ್ಚ ಕೊಡುವ ಪೆಂಟಗನ್ ನೀತಿಯನ್ನು ವಿರೋಧಿಸಿ, ಹಿರಿಯ ಸೇನಾಧಿಕಾರಿಗಳ 400ಕ್ಕೂ ಹೆಚ್ಚು ಬಡ್ತಿಗಳನ್ನು ಒಬ್ಬರೇ ತಡೆದರು. ಯಾರ ಹೆಸರಿಗೂ ಅವರಿಗೆ ವೈಯಕ್ತಿಕ ತಕರಾರು ಇರಲಿಲ್ಲ. ಬಹುಮತ ಎದುರಿಗೇ ಇದ್ದರೂ ಒಂದೊಂದಾಗಿ ಮತ ಹಾಕಲು ಸದನಕ್ಕೆ ಸಮಯವಿಲ್ಲ. ಆ ಜುಲೈನಲ್ಲಿ ಮರೀನ್ ಪಡೆಗೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದ ನಂತರ ಮೊದಲ ಬಾರಿಗೆ ಸೆನೆಟ್ ಒಪ್ಪಿದ ಮುಖ್ಯಸ್ಥರೇ ಇಲ್ಲದಂತಾಯಿತು. ಡಿಸೆಂಬರ್‌ನಲ್ಲಿ ಸ್ವಪಕ್ಷದವರೇ ಒತ್ತಡ ಹೇರಿದ ಮೇಲೆ ಅವರು ಬಹುಪಾಲು ಹೆಸರುಗಳನ್ನು ಬಿಟ್ಟುಕೊಟ್ಟರು.

ಭಾರತಕ್ಕೆ ಎರಡು ವರ್ಷ ಅಮೆರಿಕದ ರಾಯಭಾರಿಯೇ ಇರಲಿಲ್ಲ. ಅದಕ್ಕೂ ವಿರೋಧ ಪಕ್ಷ ಕಾರಣವೇ?

ಅಲ್ಲ, ಅಲ್ಲಿ ಸಮಸ್ಯೆ ಮನೆಯೊಳಗೇ ಇತ್ತು. ಲಾಸ್ ಏಂಜಲೀಸ್ ಮೇಯರ್ ಆಗಿದ್ದ ಎರಿಕ್ ಗಾರ್ಸೆಟಿ ಅವರನ್ನು ಬೈಡನ್ 2021ರ ಜುಲೈನಲ್ಲಿ ಹೆಸರಿಸಿದರು. ತಮ್ಮ ಕಚೇರಿಯ ಸಹಾಯಕರೊಬ್ಬರ ಮೇಲಿದ್ದ ಲೈಂಗಿಕ ಕಿರುಕುಳದ ಆರೋಪ ಗಾರ್ಸೆಟಿ ಅವರಿಗೆ ಗೊತ್ತಿತ್ತೇ ಎಂಬ ಪ್ರಶ್ನೆ ಎದ್ದಿತು. ಗೊತ್ತಿರಲಿಲ್ಲ ಎಂದು ಅವರು ಹೇಳಿದರು. ಕೆಲವು ಡೆಮಾಕ್ರಟರಿಗೇ ಅದು ಸಮಾಧಾನ ತರಲಿಲ್ಲ. ಸದನ ಅಂಚಿನಲ್ಲಿ ಇಬ್ಭಾಗವಾಗಿದ್ದಾಗ ಸ್ವಂತ ಪಕ್ಷದ ಒಂದಿಬ್ಬರು ಕೈಕೊಟ್ಟರೂ ಲೆಕ್ಕ ತಪ್ಪುತ್ತದೆ. ಅವಧಿ ಮುಗಿದಾಗ ಹೆಸರು ಶ್ವೇತಭವನಕ್ಕೆ ವಾಪಸಾಯಿತು, 2023ರ ಜನವರಿಯಲ್ಲಿ ಮತ್ತೆ ಬಂತು. ಮಾರ್ಚ್‌ನಲ್ಲಿ 52-42ರಿಂದ ಪಾರಾಗಿದ್ದು ಕೆಲವು ರಿಪಬ್ಲಿಕನ್ನರ ಬೆಂಬಲದಿಂದ. ಅಲ್ಲಿಯವರೆಗೆ ದೆಹಲಿಯ ಅಮೆರಿಕ ರಾಯಭಾರ ಕಚೇರಿ ಹಂಗಾಮಿಗಳ ಕೈಯಲ್ಲೇ ಇತ್ತು.

2025ರ ‘ಸಗಟು ಅನುಮೋದನೆ’ ಎಂದರೇನು?

ಟ್ರಂಪ್ ಅವರ ಎರಡನೇ ಅವಧಿಯ ಮೊದಲ ತಿಂಗಳುಗಳಲ್ಲಿ ಡೆಮಾಕ್ರಟರು ಕೆಳಹಂತದ ಹೆಸರುಗಳನ್ನೂ ಧ್ವನಿಮತಕ್ಕೆ ಬಿಡಲಿಲ್ಲ. ಪ್ರತಿಯೊಂದಕ್ಕೂ ಪೂರ್ಣ ಮತದಾನ ನಡೆಯಬೇಕು ಎಂದು ಪಟ್ಟು ಹಿಡಿದರು. ಆಗಸ್ಟ್ ರಜೆಗೆ ಮುನ್ನ ನಡೆದ ಸಂಧಾನ ಮುರಿದುಬಿತ್ತು. ಸೆಪ್ಟೆಂಬರ್ 11ರಂದು ಬಹುಮತದ ನಾಯಕ ಜಾನ್ ತೂನ್ 53-45ರ ಮತದಿಂದ ಹೊಸ ಪೂರ್ವನಿದರ್ಶನ ನಿರ್ಮಿಸಿದರು: ಎಷ್ಟು ಹೆಸರುಗಳನ್ನಾದರೂ ಒಂದೇ ಗೊಂಚಲು ಮಾಡಿ, ಒಂದೇ ಮತದಲ್ಲಿ ಒಪ್ಪಬಹುದು. ಸಂಪುಟ ದರ್ಜೆಯ ಹುದ್ದೆಗಳು ಮತ್ತು ನ್ಯಾಯಾಧೀಶರು ಮಾತ್ರ ಇದರ ಹೊರಗೆ.

ಒಂದು ವಾರದಲ್ಲಿ 48 ಹೆಸರುಗಳ ಮೊದಲ ಗೊಂಚಲು 51-47ರಿಂದ ಪಾರಾಯಿತು. ಅಕ್ಟೋಬರ್ 7ರಂದು 107 ಹೆಸರುಗಳ ಎರಡನೆಯದು, ಅದೂ 51-47. ಭಾರತಕ್ಕೆ ರಾಯಭಾರಿಯಾಗಿ ಬಂದ ಸರ್ಜಿಯೊ ಗೋರ್ ಈ ಎರಡನೇ ಗೊಂಚಲಿನಲ್ಲಿದ್ದವರು. ಗಾರ್ಸೆಟಿ ಅವರ ಹೆಸರಿನ ಮೇಲೆ ಸೆನೆಟ್ ಇಪ್ಪತ್ತು ತಿಂಗಳು ತಲೆ ಕೆರೆದುಕೊಂಡಿತ್ತು. ಗೋರ್ ಅವರ ಹೆಸರನ್ನು ಇನ್ನೂ 106 ಹೆಸರುಗಳ ಜೊತೆ ಒಂದೇ ಕರೆಯಲ್ಲಿ ಮುಗಿಸಿತು. ಯಾವುದು ಮೇಲು? ಮೊದಲನೆಯದು ಅತಿ, ನಿಜ. ಆದರೆ ಎರಡನೆಯದರಲ್ಲಿ ಒಬ್ಬ ಸೆನೆಟರ್‌ಗೆ ಪಟ್ಟಿಯಲ್ಲಿನ 106 ಮಂದಿ ಇಷ್ಟವಾಗಿ ಒಬ್ಬರು ಇಷ್ಟವಾಗದಿದ್ದರೆ ಹೇಳಲು ಜಾಗವೇ ಇಲ್ಲ. ಸಮ್ಮತಿ ಎಂಬುದು ಸಹಿ ಹಾಕುವ ಕೆಲಸವಾಗಿಬಿಡುತ್ತದೆ. ಸಮಿತಿ ಹಂತದ ವಿಚಾರಣೆ ಇನ್ನೂ ಒಬ್ಬೊಬ್ಬರದೇ ನಡೆಯುತ್ತದೆ, ಹಾಗಾಗಿ ಪರಿಶೀಲನೆ ಪೂರ್ತಿ ಸತ್ತಿಲ್ಲ. ಅದರ ತೂಕ ಇಡೀ ಸದನದಿಂದ ಸಮಿತಿ ಕೊಠಡಿಗೆ ಸರಿದಿದೆ.

ಗೊಂಚಲಿನ ಯೋಚನೆ ಮೂಲತಃ ಡೆಮಾಕ್ರಟರದು ಎಂಬುದೂ ಗೊತ್ತಿರಲಿ. 2023ರಲ್ಲಿ ಏಮಿ ಕ್ಲೋಬುಶಾರ್ ಒಂದೇ ಸಮಿತಿಯಿಂದ ಬಂದ ಹತ್ತು ಹೆಸರುಗಳವರೆಗೆ ಒಟ್ಟುಗೂಡಿಸುವ ಪ್ರಸ್ತಾವ ತಂದಿದ್ದರು. ತೂನ್ ಅದರ ಮಿತಿಯನ್ನು ತೆಗೆದುಹಾಕಿದರು.

ಸೆನೆಟ್ ಸತಾಯಿಸಿದರೆ ಅಧ್ಯಕ್ಷರಿಗೆ ಬೇರೆ ದಾರಿ ಇಲ್ಲವೇ?

ಎರಡಿವೆ, ಎರಡೂ ಕಿರಿದಾಗಿವೆ. ಸೆನೆಟ್ ವಿರಾಮದಲ್ಲಿದ್ದಾಗ ತಾತ್ಕಾಲಿಕ ನೇಮಕ ಮಾಡುವ ಅಧಿಕಾರ ಸಂವಿಧಾನದಲ್ಲೇ ಇದೆ. ಆದರೆ 2014ರಲ್ಲಿ ನೋಯಲ್ ಕ್ಯಾನಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹತ್ತು ದಿನಕ್ಕಿಂತ ಕಡಿಮೆ ವಿರಾಮ ಸಾಮಾನ್ಯವಾಗಿ ಸಾಲದು ಎಂದಿತು; ಒಬಾಮ ಅವರ ಮೂರು ನೇಮಕಗಳನ್ನು ರದ್ದು ಮಾಡುವುದಕ್ಕೆ ಒಂಬತ್ತೂ ನ್ಯಾಯಮೂರ್ತಿಗಳು ಒಪ್ಪಿದರು. ಈಗ ಸೆನೆಟ್ ಮೂರು ದಿನಕ್ಕೊಮ್ಮೆ ಒಬ್ಬ ಸದಸ್ಯರನ್ನು ಕಳುಹಿಸಿ, ಬಡಿಗೆ ಬಡಿಸಿ, ಅರೆ ನಿಮಿಷದಲ್ಲಿ ಸಭೆ ಮುಗಿಸುತ್ತದೆ. ದಾಖಲೆಯಲ್ಲಿ ವಿರಾಮವೇ ಇಲ್ಲ.

ಇನ್ನೊಂದು, ಹಂಗಾಮಿ ಅಧಿಕಾರಿಗಳು. 1998ರ ಕಾನೂನಿನಂತೆ ಸಾಮಾನ್ಯವಾಗಿ 210 ದಿನದ ಮಿತಿ, ಹೊಸ ಅಧ್ಯಕ್ಷರು ಬಂದ ಆರಂಭದಲ್ಲಿ 300 ದಿನ.

ಈ ನಿಯಮ ಬದಲಾವಣೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದೇ?

ಪ್ರಶ್ನಿಸಬಹುದು, ಫಲ ಸಿಗುವ ಸಂಭವ ತೀರಾ ಕಡಿಮೆ. ತನ್ನ ಕಲಾಪದ ನಿಯಮಗಳನ್ನು ಪ್ರತಿ ಸದನವೇ ರೂಪಿಸಿಕೊಳ್ಳಬಹುದು ಎಂದು ಅಲ್ಲಿನ ಸಂವಿಧಾನ ಹೇಳುತ್ತದೆ. ನಮ್ಮ 118ನೇ ವಿಧಿಯೂ ಸಂಸತ್ತಿಗೆ ಅದೇ ಅಧಿಕಾರ ಕೊಟ್ಟಿದೆ.

ಮಸೂದೆಗಳಿಗೆ ಇನ್ನೂ 60 ಬೇಕೇ? ಅದೂ ಹೋಗುತ್ತದೆಯೇ?

ಹೆಚ್ಚಿನ ಮಸೂದೆಗಳಿಗೆ ಬೇಕು. ಬಜೆಟ್ ಸಂಬಂಧಿತ ಕೆಲವಕ್ಕೆ ಮಾತ್ರ ಸರಳ ಬಹುಮತದ ಪ್ರತ್ಯೇಕ ದಾರಿ ಇದೆ. ಒಪ್ಪಂದಗಳಿಗೆ ಮತ್ತು ಮಹಾಭಿಯೋಗದಲ್ಲಿ ತಪ್ಪಿತಸ್ಥರೆನ್ನಲು ಮೂರನೇ ಎರಡರಷ್ಟು ಮತ ಬೇಕು. ಅದು ಸಂವಿಧಾನದ ಮಾತು, ಯಾವ ಮೇಲ್ಮನವಿಯೂ ಅದನ್ನು ಅಲುಗಿಸುವುದಿಲ್ಲ.

ಮಸೂದೆಗಳ 60ನ್ನು ಬೀಳಿಸುವ ಪ್ರಯತ್ನ 2022ರ ಜನವರಿಯಲ್ಲಿ ನಡೆಯಿತು. ಮತದಾನದ ಹಕ್ಕಿನ ಮಸೂದೆಗಾಗಿ ಡೆಮಾಕ್ರಟರು ಮುಂದಾದಾಗ ಅವರದೇ ಬಣದ ಮ್ಯಾಂಚಿನ್ ಮತ್ತು ಕಿರ್ಸ್ಟನ್ ಸಿನೆಮಾ ಒಪ್ಪಲಿಲ್ಲ. 48-52ರಲ್ಲಿ ಸೋತಿತು. 2025ರ ಶರತ್ಕಾಲದಲ್ಲಿ ಸರ್ಕಾರಿ ಕಚೇರಿಗಳು 43 ದಿನ ಮುಚ್ಚಿದ್ದಾಗ ಟ್ರಂಪ್ ಅವರು ಫಿಲಿಬಸ್ಟರ್ ಅನ್ನೇ ಕಿತ್ತುಹಾಕಿ ಎಂದು ತಮ್ಮ ಪಕ್ಷದ ಸೆನೆಟರ್‌ಗಳ ಮೇಲೆ ಬಹಿರಂಗವಾಗಿ ಒತ್ತಡ ತಂದರು. ಕೆಲವೇ ವಾರಗಳ ಹಿಂದೆ ಗೊಂಚಲು ನಿಯಮ ತಂದಿದ್ದ ಅದೇ ತೂನ್, ಅದಕ್ಕೆ ಬೇಕಾದ ಮತ ತಮ್ಮ ಪಕ್ಷದಲ್ಲೇ ಇಲ್ಲ ಎಂದುಬಿಟ್ಟರು.